ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿ

ನಿಡಗುಂದಿ ಸುತ್ತಮುತ್ತ, ಕಡಿಮೆ ಖರ್ಚಿನಲ್ಲಿ, ಎರಡು ವರ್ಷದ ಕೂಸಿನ ಜೊತೆ ಒಂದೆರಡು ದಿನ

ಪಂಚಾಂಗದ ಲೆಕ್ಕದಲ್ಲಿ ವಸಂತ ಶುರುವಾಗುವುದು ಯುಗಾದಿಯಿಂದ. ನಿಡಗುಂದಿಯ ಬಿಸಿಲು ಅಲ್ಲಿಯವರೆಗೆ ಕಾಯುವುದಿಲ್ಲ. ಬೇವು–ಬೆಲ್ಲ ಕೈಗೆ ಬರುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲು ದೊಡ್ಡವರೇ ಹಿಂದೆ ಮುಂದೆ ನೋಡುತ್ತಾರೆ. ಏಪ್ರಿಲ್‌ ಬಂತೆಂದರೆ ವಿಜಯಪುರ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಮುಟ್ಟುವುದು ಹೊಸ ಸುದ್ದಿಯೇನಲ್ಲ. ನಮ್ಮ ಕಡೆಯ ನಿಜವಾದ ವಸಂತ ಶಿವರಾತ್ರಿಯ ಆಚೀಚೆ ಬಂದು ಹೋಗಿಬಿಡುತ್ತದೆ. ಚಳಿ ‘ಶಿವ ಶಿವಾ’ ಎಂದು ಕಾಲು ಕಿತ್ತಿರುತ್ತದೆ, ಬಿಸಿಲು ಇನ್ನೂ ಹಲ್ಲು ಕಚ್ಚಿರುವುದಿಲ್ಲ. ಮುತ್ತಲ ಗಿಡ ಕೆಂಪಗೆ ಹೂ ಬಿಟ್ಟಿರುತ್ತದೆ, ಬೇವು ಚಿಗುರುತ್ತಿರುತ್ತದೆ, ಎರೆಹೊಲದಲ್ಲಿ ಬಿಳಿಜೋಳ ರಾಶಿಗೆ ಬಂದಿರುತ್ತದೆ. ಬೆಳಗಿನ ಗಾಳಿಯಲ್ಲಿ ಇನ್ನೂ ತಂಪಿರುತ್ತದೆ.

ಸಣ್ಣ ಕೂಸಿರುವ ಮನೆಯವರು ಹೊರಗೆ ಹೊರಡಬೇಕಾದದ್ದು ಈ ಕೆಲವು ವಾರಗಳಲ್ಲಿಯೇ. ಹೊರಡುವವರು ಮಾತ್ರ ಕಡಿಮೆ. ಮನೆಯಲ್ಲಿ ಮಾತು ತೆಗೆದರೆ ಆಯಿಯ ಉತ್ತರ ತಯಾರಿರುತ್ತದೆ: “ಇಷ್ಟ್‌ ಸಣ್ಣ ಕೂಸ್‌ ಕರಕೊಂಡು ಎಲ್ಲಿ ತಿರಗಾಡ್ತೀರಿ? ಸ್ವಲ್ಪ ದೊಡ್ಡದಾಗ್ಲಿ, ತಡೀರಿ.” ಮಗನದು ಇನ್ನೊಂದು ರಾಗ: ಹೋದರೆ ಗೋವಾಕ್ಕೆ ಹೋಗಬೇಕು, ಇಲ್ಲವಾದರೆ ಮೈಸೂರಿಗೆ, ಅದಕ್ಕೆ ಕಾರು ಬೇಕು, ಲಾಡ್ಜ್‌ ಬೇಕು, ಹದಿನೈದಿಪ್ಪತ್ತು ಸಾವಿರ ಬೇಕು. ಈ ಎರಡು ಮಾತಿನ ನಡುವೆ ಫಾಲ್ಗುಣ ಮುಗಿದು ಹೋಗುತ್ತದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ಹತ್ತು ಕಿಲೊಮೀಟರಿನೊಳಗೆ ಕೃಷ್ಣೆ, ಅಣೆಕಟ್ಟು, ಉದ್ಯಾನ, ರೈಲು ಎಲ್ಲವನ್ನೂ ಇಟ್ಟುಕೊಂಡ ಊರಿನವರು ದೂರದ ಸಮುದ್ರದ ಕನವರಿಕೆಯಲ್ಲಿರುತ್ತಾರೆ.

ಒಂದೇ ಟಿಕೆಟ್ಟಿನ ಸಂಸಾರ

ಮೊದಲು ದುಡ್ಡಿನ ಮಾತು ಮುಗಿಸೋಣ. ಅಪ್ಪ, ಅವ್ವ, ಎರಡು ವರ್ಷದ ಕೂಸು, ಬೇಕಾದರೆ ಜೊತೆಗೆ ಆಯಿ. ಹೀಗೊಂದು ಸಂಸಾರ ನಿಡಗುಂದಿ ನಿಲ್ದಾಣದಲ್ಲಿ ಕೆಂಪು ಬಸ್ಸು ಹತ್ತಿತು ಎಂದುಕೊಳ್ಳಿ. 2023ರ ಜೂನ್‌ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅವ್ವನಿಗೂ ಆಯಿಗೂ ಶೂನ್ಯ ಟಿಕೆಟ್‌, ಕೂಸಿಗೆ ಟಿಕೆಟ್ಟೇ ಇಲ್ಲ. ದುಡ್ಡು ಕೊಡಬೇಕಾದವನು ಅಪ್ಪನೊಬ್ಬನೇ. ವಿಜಯಪುರ ಜಿಲ್ಲೆಯ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆಯವು, ಹೊಳೆ ದಾಟಿದರೆ ಬಾಗಲಕೋಟೆಯವು ವಾಯವ್ಯ ಸಾರಿಗೆಯವು. ಯೋಜನೆ ಎರಡಕ್ಕೂ ಅನ್ವಯ. ಕೈಯಲ್ಲಿ ಗುರುತಿನ ಚೀಟಿ ಇರಬೇಕು, ಅಷ್ಟೆ.

ರೈಲಿನಲ್ಲಿಯೂ ಐದು ವರ್ಷದೊಳಗಿನ ಮಗು ಪ್ರತ್ಯೇಕ ಆಸನ ಕೇಳದಿದ್ದರೆ ಉಚಿತ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಗೋಲಗುಮ್ಮಟಕ್ಕೆ, ಬಾದಾಮಿಯ ಗುಹೆಗಳಿಗೆ ದೊಡ್ಡವರಿಗೆ ತಲಾ 25 ರೂಪಾಯಿ, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿಗೆ 40 ರೂಪಾಯಿ.

ಇನ್ನೊಂದು ಅನುಕೂಲವೂ ಇದೆ. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಫೆಬ್ರುವರಿ–ಮಾರ್ಚ್‌ ಎಂದರೆ ಪರೀಕ್ಷೆ. ಅವರು ಮನೆ ಬಿಡುವುದು ಮೇ ತಿಂಗಳಲ್ಲಿ, ಎಲ್ಲ ಕಡೆ ನೂಕುನುಗ್ಗಲಿರುವಾಗ. ಶಾಲೆಯ ಪ್ರವಾಸದ ಬಸ್ಸುಗಳ ಸಾಲು ಡಿಸೆಂಬರ್‌–ಜನವರಿಗೆ ಮುಗಿದಿರುತ್ತದೆ. ಅಂಗನವಾಡಿಯ ಮೆಟ್ಟಿಲೂ ಹತ್ತದ ಕೂಸಿಗೆ ಯಾವ ಪರೀಕ್ಷೆ? ಅಪ್ಪನಿಗೆ ಒಂದು ದಿನ ರಜೆ ಸಿಕ್ಕರೆ ಸಾಕು, ವಾರದ ನಡುವಿನ ಮಂಗಳವಾರವೋ ಬುಧವಾರವೋ ಹೋಗಿ ಖಾಲಿ ಉದ್ಯಾನದಲ್ಲಿ ಓಡಾಡಿ ಬರಬಹುದು.

ಕೂಸಿನ ನಿದ್ದೆಯೇ ವೇಳಾಪಟ್ಟಿ

ಹಾಗಿದ್ದರೂ ಸಣ್ಣ ಕೂಸಿನ ಪ್ರವಾಸಕ್ಕೆ ಖರ್ಚು ಏರುವುದು ಎಲ್ಲಿ? ನಾಲ್ಕು ಊರುಗಳನ್ನು ಒಂದೇ ದಿನಕ್ಕೆ ತುರುಕಿದಾಗ. “ಹೆಂಗೂ ಹೊಂಟೇವಲ್ಲ, ಕೂಡಲಸಂಗಮ ನೋಡಿ, ಐಹೊಳೆ ಮುಗಿಸಿ, ಬಾದಾಮಿ ಮಾಡ್ಕೊಂಡು ರಾತ್ರಿ ಬಂದುಬಿಡೋಣು” ಎನ್ನುವ ಯೋಜನೆಗೆ ಬಾಡಿಗೆ ಗಾಡಿ ಬೇಕೇ ಬೇಕು. ಗಾಡಿ ಹಿಡಿದ ಮೇಲೆ ಚಾಲಕನ ಊಟ, ನಿಲ್ಲಿಸುವ ಶುಲ್ಕ, ಹೊತ್ತು ಮೀರಿ ಹೋಟೆಲು, ಅಳುವ ಕೂಸಿನ ಬಾಯಿ ಮುಚ್ಚಿಸಲು ಕುರ್ಕುರೆ, ಐಸ್‌ಕ್ರೀಂ, ಕೊನೆಗೆ ಸುಸ್ತಾಗಿ ಲಾಡ್ಜು. ಒಂದು ಖರ್ಚು ಇನ್ನೊಂದನ್ನು ಕರೆಯುತ್ತದೆ. ಈ ಸರಪಳಿ ಕಡಿಯುವುದು ಕೂಸಿನ ನಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ಜೊಂಪೂ ಸೇರಿ ದಿನಕ್ಕೆ 11ರಿಂದ 14 ತಾಸು ನಿದ್ದೆ ಬೇಕು. ಮೂರ್ನಾಲ್ಕು ವರ್ಷದ್ದಕ್ಕೆ 10ರಿಂದ 13 ತಾಸು. ಆದ್ದರಿಂದ ಊರುಗಳ ಪಟ್ಟಿ ಹಾಕುವ ಮೊದಲು ಕೂಸು ಯಾವಾಗ ಏಳುತ್ತದೆ, ಯಾವಾಗ ಹಸಿಯುತ್ತದೆ, ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತದೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಉಳಿಯುವುದು ಎರಡೇ ತುಂಡು: ಬೆಳಿಗ್ಗೆ ಏಳರಿಂದ ಹತ್ತೂವರೆ, ಸಂಜೆ ನಾಲ್ಕೂವರೆಯಿಂದ ಏಳು. ನಡುವಿನ ಹೊತ್ತು ನೆರಳಿನದು, ಊಟದ್ದು, ನಿದ್ದೆಯದು. ಅದನ್ನು ಕದಿಯಲು ಹೋದರೆ ಸಂಜೆಗೆ ಕೂಸು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಈ ಎರಡು ತುಂಡಿನೊಳಗೆ ಒಂದು ದಿನಕ್ಕೆ ಒಂದು ಊರು ಹಿಡಿಸುತ್ತದೆ, ಎರಡು ಹಿಡಿಸುವುದಿಲ್ಲ. ಒಂದೇ ಊರಾದರೆ ಬಸ್ಸು ಸಾಕು. ಬಸ್ಸಾದರೆ ಗಾಡಿಯ ಖರ್ಚಿಲ್ಲ. ಹತ್ತಿರದ ಊರಾದರೆ ಲಾಡ್ಜು ಬೇಡ. ಕೂಸಿನ ನಿದ್ದೆಗೆ ಮರ್ಯಾದೆ ಕೊಟ್ಟಷ್ಟೂ ಜೇಬಿನ ಭಾರ ಉಳಿಯುತ್ತದೆ.

ಆಲಮಟ್ಟಿ: ಮೊದಲ ಪ್ರಯೋಗಕ್ಕೆ ತಕ್ಕ ಊರು

ನಿಡಗುಂದಿಯವರಿಗೆ ಆಲಮಟ್ಟಿ ಎಂದರೆ ಸಂತೆಗೆ ಹೋದಷ್ಟೇ ದೂರ. ಅದಕ್ಕೇ ಅಲ್ಲಿಗೆ ‘ಪ್ರವಾಸ’ ಎಂದು ಯಾರೂ ಹೋಗುವುದಿಲ್ಲ. ಬೀಗರು ಬಂದಾಗ ತೋರಿಸಲು ಕರೆದೊಯ್ಯುತ್ತಾರೆ. ಕೂಸಿನ ಮೊದಲ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಜ್ವರ ಬಂದರೆ, ಹಟ ಹಿಡಿದರೆ, ಹಾಲು ಕೆಟ್ಟರೆ ಅರ್ಧ ತಾಸಿನಲ್ಲಿ ಮನೆ.

1964ರ ಮೇ 22ರಂದು ಲಾಲ್‌ ಬಹಾದ್ದೂರ್‌ ಶಾಸ್ತ್ರಿಯವರು ಇಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಹಾಕಿದರು. ಮೂರೇ ವಾರದೊಳಗೆ ಅವರು ದೇಶದ ಪ್ರಧಾನಿಯಾದರು. ಕೆಲಸ ಮುಗಿದು, 2006ರ ಆಗಸ್ಟ್‌ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್‌ ಕಲಾಂ ಅದನ್ನು ಲೋಕಾರ್ಪಣೆ ಮಾಡುವ ಹೊತ್ತಿಗೆ ನಾಲ್ಕು ದಶಕ ದಾಟಿತ್ತು. ಜಲಾಶಯಕ್ಕೆ ಶಾಸ್ತ್ರಿಯವರದೇ ಹೆಸರು. ಒಂದೂವರೆ ಕಿಲೊಮೀಟರಿಗೂ ಉದ್ದದ ಕಟ್ಟೆ, 26 ಗೇಟುಗಳು, 519.60 ಮೀಟರ್‌ ಮಟ್ಟಕ್ಕೆ ತುಂಬಿದಾಗ 123 ಟಿಎಂಸಿ ಅಡಿ ನೀರು, ಪಕ್ಕದಲ್ಲಿ 290 ಮೆಗಾವಾಟ್‌ ಸಾಮರ್ಥ್ಯದ ವಿದ್ಯುತ್‌ ಕೇಂದ್ರ. ಇದು ದೊಡ್ಡವರು ತಿಳಿಯಬೇಕಾದ ಮಾತು. ಕೂಸಿಗೆ ಅದು ದೊಡ್ಡ ಗೋಡೆ, ಅದರಾಚೆ ‘ನೀಉ’.

ಒಂದು ವಿಷಯ ಮೊದಲೇ ತಿಳಿದಿರಲಿ. ಗೇಟು ತೆರೆದು ಹಾಲಿನಂತೆ ನೊರೆಯುಕ್ಕುವ ಕೃಷ್ಣೆಯ ಚಿತ್ರ ಮೊಬೈಲಿನಲ್ಲಿ ನೋಡಿ ಬಂದವರಿಗೆ ಫೆಬ್ರುವರಿಯಲ್ಲಿ ನಿರಾಸೆಯಾಗುತ್ತದೆ. ಆ ದೃಶ್ಯ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆಯುವ ಜುಲೈನಿಂದ ಅಕ್ಟೋಬರ್‌ವರೆಗಿನದು. ಶಿವರಾತ್ರಿಯ ಹೊತ್ತಿಗೆ ಗೇಟುಗಳು ಮುಚ್ಚಿರುತ್ತವೆ, ಹಿನ್ನೀರು ದಂಡೆ ಬಿಟ್ಟು ಹಿಂದೆ ಸರಿಯತೊಡಗಿರುತ್ತದೆ. ಸಣ್ಣ ಕೂಸಿನವರಿಗೆ ಇದೇ ಅನುಕೂಲ: ಜನಜಂಗುಳಿ ಇಲ್ಲ, ಕೆಸರಿಲ್ಲ, ಭೋರ್ಗರೆತಕ್ಕೆ ಬೆಚ್ಚಿ ಅಳುವುದಿಲ್ಲ. ನೀರು ಇಳಿದ ಹಿನ್ನೀರಿನ ದಂಡೆಗೆ ಚಳಿಗಾಲದಿಂದ ಬೇಸಿಗೆಯ ತನಕ ರಾಜಹಂಸ, ಪಟ್ಟೆತಲೆ ಹೆಬ್ಬಾತಿನಂಥ ವಲಸೆ ಹಕ್ಕಿಗಳೂ ಬರುತ್ತವೆ. ಅವನ್ನು ಹುಡುಕಿಕೊಂಡು ಕೆಸರಿಗಿಳಿಯುವುದು ಬೇಡ, ಕಂಡರೆ ಲಾಭ.

ಕೂಸು ನಿಜವಾಗಿ ಕಾಲು ಊರುವ ಜಾಗ ಉದ್ಯಾನಗಳು. ಕೃಷ್ಣಾ ಭಾಗ್ಯ ಜಲ ನಿಗಮದ ವ್ಯಾಪ್ತಿಯಲ್ಲಿ ರಾಕ್‌ ಗಾರ್ಡನ್‌, ಕೃಷ್ಣಾ ಉದ್ಯಾನ, ಮೊಘಲ್‌ ಉದ್ಯಾನ, ಲವ–ಕುಶ ಉದ್ಯಾನ ಎಂದು ಸಾಲು ಸಾಲಿವೆ. ಎಲ್ಲವನ್ನೂ ನೋಡುವ ಹಟ ಬೇಡ. ಬೆಳಗಿನ ತುಂಡಿಗೆ ರಾಕ್‌ ಗಾರ್ಡನ್‌ ಒಂದೇ ಸಾಕು. ಕೂಸಿನ ಎತ್ತರಕ್ಕೆ ನಿಲ್ಲುವ ಸಿಮೆಂಟಿನ ಪ್ರಾಣಿಗಳು, ಹಳ್ಳಿಯ ಬದುಕು ತೋರಿಸುವ ಆಕೃತಿಗಳು, ಹುಲ್ಲು, ನೆರಳು. ಅಲ್ಲಿ ಕೂಸಿಗೆ ಏನನ್ನೂ ‘ತೋರಿಸಲು’ ಹೋಗಬೇಡಿ. ದೊಡ್ಡವರು “ಅಲ್ನೋಡು ಆನಿ, ಇಲ್ನೋಡು ಮೊಸಳಿ” ಎನ್ನುತ್ತಿದ್ದರೆ ಅದು ಕೆಳಗೆ ಕುಳಿತು ಇರುವೆಯ ಸಾಲು ನೋಡುತ್ತಿರುತ್ತದೆ. ಅದು ಅದರ ಪ್ರವಾಸ. ಹತ್ತು ನಿಮಿಷ ಬಿಡಿ.

ಸಂಜೆಯ ತುಂಡಿಗೆ ಸಂಗೀತ ಕಾರಂಜಿ ಇದೆ. ಬಣ್ಣದ ಬೆಳಕು ಕೂಸಿಗೆ ಇಷ್ಟ, ದೊಡ್ಡ ಸಪ್ಪಳ ಇಷ್ಟವಿಲ್ಲ. ಮುಂದಿನ ಸಾಲು ಬಿಟ್ಟು ಹಿಂದೆ, ಹೊರಗೆ ಹೋಗುವ ದಾರಿಯ ಹತ್ತಿರ ಕುಳಿತುಕೊಳ್ಳಿ. ಬೇಡವೆಂದರೆ ಎದ್ದು ಬರಬಹುದು. ಹೊರಡುವ ಮೊದಲು ವಾಪಸ್‌ ಬಸ್ಸಿನ ಹೊತ್ತನ್ನು ಕಂಡಕ್ಟರನ ಬಾಯಿಂದಲೇ ಕೇಳಿಟ್ಟುಕೊಳ್ಳಿ. ಅಣೆಕಟ್ಟೆಯ ಮೇಲೆ ಎಲ್ಲರನ್ನೂ ಬಿಡುವುದಿಲ್ಲ, ಅಲ್ಲಿ ವಾದ ಮಾಡಿ ಹೊತ್ತು ಕಳೆಯುವುದರಲ್ಲಿ ಅರ್ಥವಿಲ್ಲ.

ರೈಲೇ ಒಂದು ಜಾತ್ರೆ

ಎರಡು ವರ್ಷದ ಕೂಸಿಗೆ ರೈಲು ಎಂದರೆ ಊರು ಮುಟ್ಟಿಸುವ ಸಾಧನವಲ್ಲ, ಅದೇ ಊರು. ನಮ್ಮ ಗದಗ–ಹೋಟಗಿ ಮಾರ್ಗ ಹಳೆಯದು. 1876–78ರ ಭೀಕರ ಬರದ ಬಳಿಕ, ಬರಪೀಡಿತ ಸೀಮೆಗೆ ಧಾನ್ಯ ಸಾಗಿಸಲು ದಾರಿ ಬೇಕೆಂದು ಸದರ್ನ್‌ ಮರಾಠಾ ರೈಲ್ವೆ ಕಂಪನಿ ಹಾಕಿದ ಹಳಿ ಇದು. 1884ರಲ್ಲಿ ರೈಲು ಓಡತೊಡಗಿತು. ಆಗ ಮೀಟರ್‌ ಗೇಜ್‌, ಈಗ ಬ್ರಾಡ್‌ ಗೇಜ್‌. ಬರಗಾಲದ ಆ ದಾರಿಯಲ್ಲಿ ಇಂದು ಕೂಸನ್ನು ಕಿಟಕಿಗೆ ಕೂರಿಸಿಕೊಂಡು ಹೋಗುವುದೇ ಒಂದು ಸೌಭಾಗ್ಯ.

ಆಲಮಟ್ಟಿ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಟರೆ ರೈಲು ಕೃಷ್ಣೆಯ ಸೇತುವೆ ದಾಟಿ ಸೀತಿಮನಿಯ ಕಡೆ ತಿರುಗುತ್ತದೆ. ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾಗುವ ಆ ಗಳಿಗೆಗೆ ಎಲ್ಲ ಕೂಸುಗಳೂ ಬಾಯಿ ತೆರೆಯುತ್ತವೆ. ತೀರ ಕಡಿಮೆ ಖರ್ಚಿನ ಪ್ರವಾಸ ಬೇಕಾದವರು ಪ್ಯಾಸೆಂಜರ್‌ ಗಾಡಿಯಲ್ಲಿ ಬಾಗಲಕೋಟೆಗೆ ಹೋಗಿ, ಬುತ್ತಿ ಬಿಚ್ಚಿ, ಮುಂದಿನ ಗಾಡಿಗೆ ಮರಳಬಹುದು. ಇದರಲ್ಲಿ ‘ನೋಡಿದ್ದು ಏನು’ ಎಂದು ಯಾರಾದರೂ ಕೇಳಿದರೆ ‘ರೈಲು’ ಎಂದರಾಯಿತು.

ಉತ್ತರಕ್ಕೆ ಹೊರಟರೆ ವಿಜಯಪುರ. ರೈಲು ನಿಲ್ದಾಣದಿಂದ ಗೋಲಗುಮ್ಮಟ ದೂರವಿಲ್ಲ, ಊರಲ್ಲಿ ಟಾಂಗಾಗಳು ಇನ್ನೂ ಇವೆ. ಕೂಸಿಗೆ ಗುಮ್ಮಟಕ್ಕಿಂತ ಟಾಂಗಾದ ಕುದುರೆಯೇ ಹೆಚ್ಚು ನೆನಪುಳಿದರೆ ಬೇಸರ ಪಡಬೇಡಿ. 1656ರಲ್ಲಿ ತೀರಿಕೊಂಡ ಮುಹಮ್ಮದ್‌ ಆದಿಲ್‌ ಶಾಹನ ಸಮಾಧಿಯ ಮೇಲೆ ಹೊರ ವ್ಯಾಸ 44 ಮೀಟರಿನಷ್ಟಿರುವ ಆ ಗುಮ್ಮಟ ನಿಂತಿದೆ. ಪಿಸುಮಾತಿನ ಗ್ಯಾಲರಿಗೆ ಮೂಲೆಯ ಮಿನಾರಿನೊಳಗೆ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋಗಬೇಕು. ಮೇಲೆ ಕೂಗುವವರ ಗದ್ದಲ ಬೇರೆ. ಕೂಸನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುವ ಸಾಹಸ ಬೇಡ. ಒಬ್ಬರು ಮೇಲೆ ಹೋಗಿ ಬರಲಿ, ಇನ್ನೊಬ್ಬರು ಕೂಸಿನ ಜೊತೆ ಕೆಳಗೆ ಹುಲ್ಲಿನ ಮೇಲೆ ಕೂರಲಿ. ಆಮೇಲೆ ಅದಲು ಬದಲು. ಮೊದಲ ಸರದಿ ಅವ್ವನದಾಗಲಿ.

ಸಂಗಮ ಮತ್ತು ಯಲಗೂರು

ಆಯಿ ಜೊತೆಗಿದ್ದರೆ ದೇವರ ಊರೊಂದು ಪಟ್ಟಿಯಲ್ಲಿ ಇರಲೇಬೇಕು. ನಿಡಗುಂದಿಯ ಮಗ್ಗುಲಲ್ಲೇ ಯಲಗೂರು ಇದೆ. ಕೃಷ್ಣೆಯ ದಂಡೆಯ ಹನುಮಪ್ಪ ಯಲಗೂರೇಶ ಈ ಸೀಮೆಯ ಎಷ್ಟೋ ಮನೆಗಳ ಮನೆದೇವರು. ಕೂಸಿನ ಜವಳ ತೆಗೆಸುವ ಹರಕೆ ಬಾಕಿಯಿದ್ದವರು ಅದನ್ನೂ ಪ್ರವಾಸವನ್ನೂ ಒಟ್ಟಿಗೆ ಮುಗಿಸುತ್ತಾರೆ. ಶನಿವಾರ ಗದ್ದಲ, ಉಳಿದ ದಿನ ಶಾಂತ.

ಕೂಡಲಸಂಗಮ ಹೊಳೆಯಾಚೆ, ಹುನಗುಂದ ತಾಲ್ಲೂಕಿನಲ್ಲಿ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಜಾಗದಲ್ಲಿ ಸಂಗಮನಾಥನ ಗುಡಿ, ಎದುರಿಗೆ ಬಸವಣ್ಣನವರ ಐಕ್ಯ ಮಂಟಪ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಏರಿದಾಗ ಮಂಟಪ ಮುಳುಗದಿರಲೆಂದು ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಒಳಗೆ ಮೆಟ್ಟಿಲಿಳಿದು ಹೋಗಬೇಕು. ಇಲ್ಲಿಯೂ ಸರದಿಯ ನಿಯಮವೇ ಒಳ್ಳೆಯದು. ಗುಡಿಯ ಕಲ್ಲಿನ ಅಂಗಳ ಬೆಳಗಿನ ಹೊತ್ತು ತಂಪಾಗಿರುತ್ತದೆ. ಹನ್ನೊಂದರ ನಂತರ ಬರಿಗಾಲಿನ ಕೂಸಿಗೆ ಅಂಗಾಲು ಸುಡುತ್ತದೆ. ಕಾಲಿಗೆ ಒಂದು ಜೊತೆ ದಪ್ಪ ಕಾಲುಚೀಲ ಹಾಕಿದರೆ ಚಪ್ಪಲಿ ಬಿಟ್ಟ ಮೇಲೂ ತೊಂದರೆಯಿಲ್ಲ. ದಾಸೋಹದ ಪ್ರಸಾದ ಇರುವ ಊರಾದ್ದರಿಂದ ದೊಡ್ಡವರ ಊಟದ ಚಿಂತೆ ಕಡಿಮೆ.

ಬಸವಣ್ಣ ಹುಟ್ಟಿದ ಬಸವನ ಬಾಗೇವಾಡಿ ಇನ್ನೊಂದು ದಿಕ್ಕಿನಲ್ಲಿ. ಅದು ಬೇರೆ ದಿನಕ್ಕೆ. ಎರಡನ್ನೂ ಒಂದೇ ದಿನಕ್ಕೆ ಸೇರಿಸುವ ಆಸೆ ಬಂದಾಗ ಕೂಸಿನ ನಿದ್ದೆಯ ಚೀಟಿಯನ್ನು ಮತ್ತೊಮ್ಮೆ ತೆಗೆದು ನೋಡಿ.

ಒಂದು ರಾತ್ರಿ ಉಳಿಯುವುದಾದರೆ

ಒಂದು ದಿನದ ತಿರುಗಾಟ ಎರಡು ಮೂರು ಸಲ ಸರಿಹೋದ ಮೇಲೆ ಒಂದು ರಾತ್ರಿಯ ಧೈರ್ಯ ಮಾಡಬಹುದು. ಅದಕ್ಕೆ ಬಾದಾಮಿ ತಕ್ಕದ್ದು, ಆಲಮಟ್ಟಿಯಿಂದ ನೇರ ರೈಲಿದೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹೋಟೆಲ್‌ ಇದೆ, ಸಣ್ಣ ಲಾಡ್ಜುಗಳೂ ಇವೆ. ಕೋಣೆ ಹಿಡಿಯುವಾಗ ಟಿ.ವಿ., ಎ.ಸಿ. ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಕೋಣೆ ನೆಲಮಹಡಿಯಲ್ಲಿದೆಯೆ, ಬೆಳಿಗ್ಗೆ ಬಿಸಿನೀರು ಬರುತ್ತದೆಯೆ, ಹಾಲು ಕಾಯಿಸಿ ಕೊಡುತ್ತಾರೆಯೆ. ಮಂಚವನ್ನು ಗೋಡೆಗೆ ಸರಿಸಿ ಕೂಸನ್ನು ಗೋಡೆಯ ಬದಿಗೆ ಮಲಗಿಸಿ, ಇಲ್ಲವೇ ಮನೆಯಿಂದ ತಂದ ಕೌದಿ ನೆಲಕ್ಕೆ ಹಾಸಿ.

ಮೊದಲ ಸಂಜೆ ಅಗಸ್ತ್ಯ ತೀರ್ಥದ ದಂಡೆ, ಭೂತನಾಥನ ಗುಡಿಯ ಕಟ್ಟೆ. ಮರುದಿನ ಬೆಳಿಗ್ಗೆ ಗುಹೆಗಳು. ಮೂರನೆಯ ಗುಹೆಯಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ; ಅದನ್ನು ನೋಡಬೇಕೆನ್ನುವ ಅಪ್ಪನಿಗೆ ಮೆಟ್ಟಿಲ ಮೇಲೆ ಕೂಸನ್ನು ಎತ್ತಿಕೊಳ್ಳುವ ಕೆಲಸ ಕೊಡಬೇಕು. ಬಾದಾಮಿಯ ಮಂಗಗಳು ಕೂಸಿನ ಕೈಯ ಬಿಸ್ಕೀಟಿಗೆ ನೇರವಾಗಿ ಕೈ ಹಾಕುತ್ತವೆ. ಗುಹೆಯ ಕಡೆ ಹೋಗುವಾಗ ತಿನಿಸು, ಹೊಳೆಯುವ ಪ್ಲಾಸ್ಟಿಕ್‌ ಚೀಲ, ಹಾಲಿನ ಬಾಟಲಿ ಯಾವುದೂ ಕೈಯಲ್ಲಿ ಕಾಣಬಾರದು. ಎರಡನೆಯ ದಿನ ಇನ್ನೂ ಶಕ್ತಿ ಉಳಿದಿದ್ದರೆ ಪಟ್ಟದಕಲ್ಲು. 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಆ ಗುಡಿಗಳ ನಡುವೆ ಹುಲ್ಲುಹಾಸು ಸಮತಟ್ಟು, ಮೆಟ್ಟಿಲ ಕಾಟ ಕಡಿಮೆ. ಹೊಸದಾಗಿ ಓಡಲು ಕಲಿತ ಕಾಲಿಗೆ ಹಬ್ಬ.

ಬುತ್ತಿಯ ಲೆಕ್ಕ

ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಚರಗ ಒಯ್ಯುವ ಸೀಮೆಗೆ ಬುತ್ತಿ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಟಕು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಉಳ್ಳಾಗಡ್ಡಿ. ರೊಟ್ಟಿ, ಹಿಂಡಿ ಎರಡು ದಿನ ಇಟ್ಟರೂ ಕೆಡುವುದಿಲ್ಲ; ಹೋಟೆಲಿಗೆ ಸವಾಲು ಹಾಕುವ ಊಟ. ಕೂಸಿಗೆ ಬೇರೆ ಡಬ್ಬಿ: ಮೆತ್ತಗಿನ ಅನ್ನ, ಮೊಸರು, ಬೆಳಿಗ್ಗೆ ಮಾಡಿದ ಸಜ್ಜಕ, ಬಾಳೆಹಣ್ಣು. ಬಿಸಿರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಿವುಚಿದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ವಿಜಯಪುರ–ಬಾಗಲಕೋಟೆ ಬಸ್ಸಿನಲ್ಲಿ ಕೊಲ್ಹಾರದ ಮೇಲೆ ಬರುವವರು ಗಡಿಗೆಯ ಗಟ್ಟಿ ಮೊಸರು ಕೊಳ್ಳದೆ ಬರುವುದಿಲ್ಲ. ಹಳೆಯ ಕೊಲ್ಹಾರ ಹಿನ್ನೀರಿಗೆ ಹೋದರೂ ಮೊಸರಿನ ಹೆಸರು ಹೊಸ ಊರಿಗೂ ನಡೆದು ಬಂತು.

ಒಂದು ಎಚ್ಚರಿಕೆ ನಮ್ಮ ಊಟಕ್ಕೇ ಸಂಬಂಧಿಸಿದ್ದು. ಈ ಕಾಲದಲ್ಲಿ ಎಲ್ಲೆಡೆ ಶೇಂಗಾ, ಪುಟಾಣಿ, ಕಡಲೆಯ ಸುಲಗಾಯಿ, ಬಾರಿಹಣ್ಣು. ಪ್ರೀತಿಯಿಂದ ಯಾರಾದರೂ ಬಸ್ಸಿನಲ್ಲಿ ಕೂಸಿನ ಕೈಗೆ ನಾಲ್ಕು ಕಾಳು ಇಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಕಡಲೆಯಂಥ ಗಟ್ಟಿ ಕಾಳು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯವಿದೆ. ಕುಲುಕುವ ಬಸ್ಸಿನಲ್ಲಿ ಅಪಾಯ ಇನ್ನೂ ಹೆಚ್ಚು. ಕೊಟ್ಟವರ ಮುಖ ನೋಡದೆ ಕಾಳು ತೆಗೆದುಕೊಂಡು ನೀವೇ ತಿಂದುಬಿಡಿ.

ಕುಡಿಯುವ ನೀರು ಮನೆಯಿಂದ, ಕಾಯಿಸಿ ಆರಿಸಿದ್ದು. ಮಜ್ಜಿಗೆ ಒಂದು ಬಾಟಲಿ. ಚೀಲದಲ್ಲಿ ಎರಡು ಓಆರ್‌ಎಸ್‌ ಪೊಟ್ಟಣ ಇರಲಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲೆಸಬೇಕು, ಕಲೆಸಿದ್ದು 24 ತಾಸಿನ ಮೇಲೆ ಚೆಲ್ಲಬೇಕು. ತಲೆಗೆ ಹತ್ತಿಯ ಕುಲಾಯಿ, ಮೈಗೆ ತೋಳು ಮುಚ್ಚುವ ತೆಳು ಅಂಗಿ, ಎರಡು ಜೊತೆ ಹೆಚ್ಚುವರಿ ಬಟ್ಟೆ, ಹಾಸಲು ಕೌದಿ, ಕೂಸು ಹಟ ಹಿಡಿದು ಅಪ್ಪಿಕೊಳ್ಳುವ ಹಳೆಯ ಗೊಂಬೆ. ಹೊಸ ಆಟಿಕೆ ಕೊಳ್ಳುವ ಅಗತ್ಯವಿಲ್ಲ: ಒಂದು ಪ್ಲಾಸ್ಟಿಕ್‌ ಬಟ್ಟಲು, ಒಂದು ಚಮಚ, ಸಾಕಷ್ಟು ಮಣ್ಣು ಇದ್ದರೆ ಮಧ್ಯಾಹ್ನ ಕಳೆಯುತ್ತದೆ.

ಯಾವಾಗ ಬೇಡ, ಎಲ್ಲಿ ಬೇಡ

ಹೋಳಿಯ ದಿನಗಳಲ್ಲಿ ಬಾಗಲಕೋಟೆಯ ದಾರಿ ಹಿಡಿಯಬೇಡಿ. ಹಲಗೆಯ ಸದ್ದಿಗೂ ಬಂಡಿಯ ಮೇಲೆ ಬ್ಯಾರಲ್‌ ಇಟ್ಟುಕೊಂಡು ಬಣ್ಣ ಎರಚುವುದಕ್ಕೂ ಹೆಸರಾದ ಊರು ಅದು. ದೊಡ್ಡವರಿಗೆ ನೋಡತಕ್ಕ ಹಬ್ಬ, ಎರಡು ವರ್ಷದ ಕಣ್ಣು ಕಿವಿಗೆ ಹೇಳಿದ್ದಲ್ಲ. ಶಿವರಾತ್ರಿಯ ದಿನವೇ ಸಂಗಮಕ್ಕೆ ಹೋಗುವುದೂ ಬೇಡ. ಎರಡು ದಿನ ಬಿಟ್ಟು ಹೋದರೆ ದೇವರು ಅಲ್ಲಿಯೇ ಇರುತ್ತಾನೆ, ಜನ ಇರುವುದಿಲ್ಲ.

ಕಾಲುವೆಯ ದಂಡೆಯ ಬಗ್ಗೆ ಎಚ್ಚರ. ಹಿಂಗಾರಿ ಪೈರಿಗೆ ಕಾಲುವೆಗೆ ನೀರು ಬಿಟ್ಟಾಗ ಮೇಲೆ ನಿಂತಂತೆ ಕಂಡರೂ ಒಳಗೆ ಸೆಳೆತವಿರುತ್ತದೆ, ಸಿಮೆಂಟಿನ ಇಳಿಜಾರಿಗೆ ಕಾಲು ನಿಲ್ಲುವುದಿಲ್ಲ. ಫೋಟೊಗೆಂದು ಕೂಸನ್ನು ಕಾಲುವೆಯ ಅಂಚಿಗೆ ನಿಲ್ಲಿಸುವುದನ್ನು ಈ ಭಾಗದಲ್ಲಿ ದಿನವೂ ಕಾಣಬಹುದು. ಹೊಳೆಯಲ್ಲಾದರೂ ಕಾಲುವೆಯಲ್ಲಾದರೂ ನಿಯಮ ಒಂದೇ: ಕೂಸಿನ ಕೈ ದೊಡ್ಡವರ ಕೈಯಲ್ಲಿ, ದೊಡ್ಡವರ ಮೊಬೈಲು ಚೀಲದಲ್ಲಿ.

ಈ ಪ್ರವಾಸ ಯಾರದು?

ಆಯಿಯ ಆಕ್ಷೇಪಕ್ಕೆ ಉತ್ತರ ಬಾಕಿಯಿದೆ. “ಅದಕ್ಕೇನು ನೆನಪಿರ್ತದ?” ಎನ್ನುವ ಮಾತು ನಿಜ. ಎರಡು ವರ್ಷದಲ್ಲಿ ಕಂಡ ಅಣೆಕಟ್ಟು ಇಪ್ಪತ್ತು ವರ್ಷಕ್ಕೆ ನೆನಪಿರುವುದಿಲ್ಲ. ಆದರೆ ಪ್ರವಾಸ ಕೂಸಿಗಾಗಿ ಮಾತ್ರ ಅಲ್ಲವಲ್ಲ. ಹೆರಿಗೆಯಾದ ಮೇಲೆ ತವರು, ದವಾಖಾನೆ, ಮದುವೆಮನೆ ಬಿಟ್ಟರೆ ಬೇರೆಲ್ಲೂ ಹೋಗದ ಅವ್ವಂದಿರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ಅವರಿಗೆ ಎಲ್ಲವೂ ನೆನಪಿರುತ್ತದೆ.

ಕಡಿಮೆ ಖರ್ಚಿನ ಪ್ರವಾಸದಲ್ಲಿ ಚೀಟಿಗೆ ಬಾರದ ಒಂದು ಖರ್ಚಿದೆ. ಹೋಟೆಲಿನ ದುಡ್ಡು ಉಳಿಯಿತೆಂದರೆ ಯಾರೋ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದಿದ್ದಾರೆ ಎಂದರ್ಥ. ಗಾಡಿಯ ದುಡ್ಡು ಉಳಿಯಿತೆಂದರೆ ಯಾರೋ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಾಲು ಜೋಮು ಹಿಡಿಸಿಕೊಂಡಿದ್ದಾರೆ. ವಾಪಸ್‌ ಬಂದ ಮೇಲೆ ಒದ್ದೆ ಬಟ್ಟೆ ತೊಳೆಯುವವರೂ ಅವರೇ. ಬಸ್ಸಿನಲ್ಲಿ ಅವ್ವನ ಟಿಕೆಟ್‌ ಶೂನ್ಯ ನಿಜ, ಅವಳ ದುಡಿಮೆ ಶೂನ್ಯವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದೆ ‘ಐನೂರರೊಳಗೆ ಆಲಮಟ್ಟಿ ಮುಗಿಸಿದೆವು’ ಎಂದು ಹೆಮ್ಮೆ ಪಡುವುದು ಸುಳ್ಳು ಲೆಕ್ಕ.

ಲೆಕ್ಕ ಸರಿ ಮಾಡುವುದು ಕಷ್ಟವೇನಲ್ಲ. ಕಟಕು ರೊಟ್ಟಿಯನ್ನು ಈಗ ಊರೂರಲ್ಲಿ ಹೆಣ್ಣುಮಕ್ಕಳು ಮಾಡಿ ಮಾರುತ್ತಾರೆ, ಹಿಂದಿನ ದಿನವೇ ಕೊಂಡಿಡಿ. ಕೂಸಿನ ಚೀಲ ಅಪ್ಪ ಕಟ್ಟಲಿ. ಏನು ಮರೆತಿದ್ದಾನೆಂದು ಅವನಿಗೇ ತಿಳಿಯಲಿ. ಹೋಗುವಾಗ ಕೂಸು ಅವ್ವನ ತೊಡೆಯ ಮೇಲಿದ್ದರೆ ಬರುವಾಗ ಅಪ್ಪನ ತೊಡೆಯ ಮೇಲೆ. ಮಧ್ಯಾಹ್ನ ಕೂಸು ಮಲಗಿದಾಗ ಕಾವಲು ಒಬ್ಬರದು, ಇನ್ನೊಬ್ಬರಿಗೆ ಪೂರ್ತಿ ಬಿಡುವು.

ಪ್ರವಾಸಿ ತಾಣಗಳನ್ನು ನಡೆಸುವವರಿಗೂ ಒಂದು ಮನವಿ. ಸಣ್ಣ ಕೂಸಿನವರು ಕೇಳುವುದು ಸಣ್ಣದು: ಹಾಲುಣಿಸಲು ಮರೆಯಿರುವ ಒಂದು ಕೋಣೆ, ನೀರು ಬರುವ ಸ್ವಚ್ಛ ಶೌಚಾಲಯ, ನಡು ಮಧ್ಯಾಹ್ನ ಕೂರಲು ನೆರಳಿನ ಕಟ್ಟೆ, ಬಿಸಿಲೇರುವ ಮೊದಲೇ ತೆರೆಯುವ ಬಾಗಿಲು. ಹೊಸ ಕಾರಂಜಿಗಿಂತ, ಹೊಸ ಮೂರ್ತಿಗಿಂತ ಇವು ಅಗ್ಗ. ಇವಿದ್ದ ಕಡೆ ಸಂಸಾರಗಳು ಮತ್ತೆ ಮತ್ತೆ ಬರುತ್ತವೆ.

ಓದುಗರಿಗೆ ಹೇಳುವುದಿಷ್ಟೆ. ಕೂಸು ದೊಡ್ಡದಾಗಲಿ ಎಂದು ಕಾಯಬೇಡಿ; ದೊಡ್ಡದಾದ ಮೇಲೆ ಅದಕ್ಕೆ ಶಾಲೆ, ಟಿಕೆಟ್ಟು, ತನ್ನದೇ ಆಸೆಗಳು ಬರುತ್ತವೆ. ಈ ಫಾಲ್ಗುಣದಲ್ಲಿ ಬಿಸಿಲು ಬಲಿಯುವ ಮೊದಲು ವಾರದ ನಡುವಿನ ಒಂದು ದಿನ ನೋಡಿ, ಹತ್ತಿರದ ಒಂದೇ ಊರು ಆರಿಸಿ, ಬೆಳಗಿನ ಬಸ್ಸಿಗೆ ಹೊರಡಿ. ಬುತ್ತಿ ಮಾತ್ರ ಅಪ್ಪ ಕಟ್ಟಲಿ.